ಪ್ರತ್ಯಕ್ಷ ರಾಘಣ್ಣನ ಅನುಮಾನ

ಸವಣೂರಿನಲ್ಲಿ ಬರೀ ರಾಘಣ್ಣ ಎಂದು ಕೇಳಿದರೆ "ಯಾವ ರಾಘಣ್ಣ?" ಎನ್ನುತ್ತಿದ್ದರು. ಪ್ರತ್ಯಕ್ಷ ರಾಘಣ್ಣ ಎಂದರೆ ಸಣ್ಣ ಮಕ್ಕಳು ಕೂಡ ಮನೆ ತೋರಿಸುತ್ತಿದ್ದವು. ಮಠದಲ್ಲಿ ತರ್ಕದ ಪಾಠ ಹೇಳುವ ಬ್ರಾಹ್ಮಣ. ಎಲ್ಲಿ ವಾದ ಹತ್ತಿಕೊಂಡರೂ ಎದೆ ಸೆಟೆಸಿ, "ನಾ ಪ್ರತ್ಯಕ್ಷ ಕಂಡೇನಿ, ಮುಗೀತು!" ಎನ್ನುವುದು ಅವನ ಚಾಳಿ. ಕಣ್ಣಿನ ಮುಂದೆ ಬೇರೆ ಪುರಾವೆಯೆಲ್ಲ ಅವನಿಗೆ ಹುಲ್ಲುಕಡ್ಡಿ.

೧೯೩೭ರ ಒಂದು ಸಂಜೆ ಬಂಕಾಪುರದ ಹಾದಿಯಲ್ಲಿ ಯಾರೋ ಪೊಲೀಸ್ ಫೌಜದಾರನಿಗೆ ಗುಂಡು ಹಾಕಿ ಕೊಂದರು. ಅಲ್ಲೇ ಕೆರೆಯ ದಂಡೆಯಲ್ಲಿ ರಾಘಣ್ಣ ಸಂಧ್ಯಾವಂದನೆಗೆ ಕೂತಿದ್ದ. ವೀಳ್ಯದೆಲೆ ತೋಟದ ಉಳಿವೆಪ್ಪ ಬಂದೂಕು ಹಿಡಿದು ಓಡುವುದನ್ನು ಕಂಡ. "ಹೊಡದಾಂವ ಉಳಿವ್ಯಾನ. ಪ್ರತ್ಯಕ್ಷ ಕಂಡೇನಿ," ಎಂದ. ಉಳಿವೆಪ್ಪನ ಕೈಗೆ ಬೇಡಿ ಬಿತ್ತು. ಅವನದು ಒಂದೇ ಮಾತು: "ಸಪ್ಪಳ ಕೇಳಿ ಓಡಿ ಹೋದ್ನಿರಿ. ಬಂದೂಕು ಮಂಗ್ಯಾ ಓಡಸಾಕ ಇಟಗೊಂಡದ್ದು."

ಆಮೇಲೆ ಗುಂಡಿನ ತಕರಾರು ಹುಟ್ಟಿತು. ಪುಣೆಯಿಂದ ಬಂದ ತಜ್ಞನೊಬ್ಬ ಫೌಜದಾರನ ಮೈಯಿಂದ ತೆಗೆದ ಗುಂಡನ್ನು ಭೂತಗನ್ನಡಿ ಹಿಡಿದು ನೋಡಿದ. ಗುಂಡಿನ ಮೇಲೆ ಸುರುಳಿ ಗೀರುಗಳಿವೆ, ಇದು ನಳಿಕೆಯ ಒಳಗೆ ಸುರುಳಿ ಕೊರೆದ ರೈಫಲ್ಲಿನದು ಎಂದ. ಉಳಿವೆಪ್ಪನ ನಾಡಬಂದೂಕಿನ ನಳಿಕೆಯೋ ಒಳಗೆಲ್ಲ ನುಣುಪು.

ಊರು ಎರಡಾಯಿತು. ಜಮಾಲಸಾಬನ ಖಾರದ ಅಂಗಡಿಯ ಮುಂದೆ ದಿನವೂ ಕೋರ್ಟು ಕೂಡತೊಡಗಿತು.

"ಆಚಾರ್ರ, ಗುಂಡಿಗೆ ಸುಳ್ಳು ಹೇಳಾಕ ಬರೂದಿಲ್ರಿ," ಎಂದು ಜಮಾಲಸಾಬ ಖಾರದ ಪೊಟ್ಟಣ ಕಟ್ಟುತ್ತ ಕೆಣಕುವನು.

"ಗುಂಡಿಗೆ ಕಣ್ಣಿಲ್ಲೋ! ನನಗ ಎರಡವ," ಎಂದು ರಾಘಣ್ಣ ಗುಡುಗುವನು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ರಿ?"

"ಆ ಗಾದಿಮಾತು ಕಟ್ಟಿದವಗ ತರ್ಕ ಬರತಿರಲಿಲ್ಲ!"

ನಿಜವಾದ ಕೋರ್ಟಿನಲ್ಲಿ ಸರಕಾರಿ ವಕೀಲ, ಉಳಿವೆಪ್ಪ ಬಂದೂಕು ಬದಲಿಸಿರಬೇಕು ಎಂದು ಗುಂಡಿನ ಮಾತನ್ನು ತಳ್ಳಿಹಾಕಿದ. ಉಳಿವೆಪ್ಪನ ಕುತ್ತಿಗೆ ಈಗ ರಾಘಣ್ಣನ ಎರಡು ಕಣ್ಣಿನ ಮೇಲೆ ನಿಂತಿತು. ಉಳಿವೆಪ್ಪನ ಪರವಾಗಿ ನಿಂತ ವಕೀಲ ಚಂದ್ರಪ್ಪ ಮೆಲ್ಲಗೆ ಎದ್ದ.

"ಆಚಾರ್ರ, ಢಂ ಅಂದಾಗ ನೀವೇನು ಮಾಡಾಕತ್ತಿದ್ರಿ?"

"ಗಾಯತ್ರಿ ಜಪ."

"ಕಣ್ಣು ತೆರಕೊಂಡು ಜಪ ಮಾಡ್ತೀರೇನ್ರಿ?"

ಮಠದ ಮಂದಿಯೆಲ್ಲ ಅಲ್ಲೇ ಕೂತಿದ್ದರು. ರಾಘಣ್ಣನ ಮೈಯೆಲ್ಲ ಉರಿದುಹೋಯಿತು. "ಏನಂತ ಮಾತಾಡ್ತೀರಿ? ಮುಂಜಿವಿ ಆದಾಗಿಂದ ಜಪದಾಗ ಒಮ್ಮೆನೂ ಕಣ್ಣು ತಗದಾಂವಲ್ಲ ನಾ!"

"ಹಂಗಾರ ಗುಂಡು ಹೊಡದದ್ದನ್ನ ಕಂಡವ್ರು ಯಾರ್ರಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸರಕಾರಿ ವಕೀಲ ದಡಬಡಿಸಿ ಎದ್ದು, "ಅವತ್ತೊಂದಿನ ಒಂಚೂರು ಕಣ್ಣು ತಗದಿರಬೇಕಲ್ರಿ, ಆಚಾರ್ರ?" ಎಂದ. ಹೂಂ ಎಂದರೆ ಸಾಕಿತ್ತು. ಒಂದು ದಿನದ ಜಪ ಕೆಟ್ಟಿತೆಂದು ಊರು ನಾಲ್ಕು ದಿನ ಆಡಿಕೊಂಡು ಮರೆಯುತ್ತಿತ್ತು, ಪ್ರತ್ಯಕ್ಷ ಎಂಬ ಬಿರುದು ಉಳಿಯುತ್ತಿತ್ತು. ರಾಘಣ್ಣ ಉಳಿವೆಪ್ಪ ನಿಂತಿದ್ದ ಕಟಕಟೆಯತ್ತ ನೋಡಿದ. ದಿನವೂ ಮುಂಜಾನೆ ಹಿತ್ತಲ ಬಾಗಿಲಿಗೆ ಬಂದು "ಎಲಿ ತಂದೇನ್ರಿ" ಎನ್ನುತ್ತಿದ್ದ ಮುಖ ಅದು. ಒಂದು ಬಿರುದಿಗಾಗಿ ಈ ಮನುಷ್ಯನನ್ನು ನುಂಗಲು ಹೊರಟಿದ್ದೆನಲ್ಲ ಎಂದು ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು.

"ಜಪ ಮುಗದು ಕಣ್ಣು ತಗದಾಗ ಇವ ಓಡಿದ್ದು ಪ್ರತ್ಯಕ್ಷರಿ," ಎಂದ. "ಹೊಡದದ್ದು ನನ್ನ ಅನುಮಾನ."

ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಾರಲ್ಲ, ತರ್ಕದ ಆ ಅನುಮಾನವನ್ನು ಅವನು ಹೇಳಿದ್ದ. ನ್ಯಾಯಾಧೀಶರಿಗೆ ಗೊತ್ತಿದ್ದದ್ದು ಬೀದಿಯ ಅನುಮಾನ. ಸಾಕ್ಷಿದಾರನಿಗೇ ಅನುಮಾನವಿದೆ ಎಂದು ಬರೆಸಿ, ಗುಂಡಿನ ಮಾತನ್ನೇ ನಂಬಿ, ಉಳಿವೆಪ್ಪನನ್ನು ಬಿಟ್ಟುಬಿಟ್ಟರು.

ಉಳಿವೆಪ್ಪನೇನೋ ಉಳಿದ. ಇತ್ತ ರಾಘಣ್ಣ ಸಂಜೆಯೊಳಗೆ ಅನುಮಾನದ ರಾಘಣ್ಣನಾದ. ಕಂಡಕಂಡವರನ್ನು ನಿಲ್ಲಿಸಿ, "ಅನುಮಾನ ಅಂದ್ರ ಸಂಶಯ ಅಲ್ರೋ!" ಎಂದು ತಿಳಿಹೇಳಿದ್ದೇ ಹೇಳಿದ್ದು. ಜಮಾಲಸಾಬನಂತೂ ಕೇಳಿ ಕೇಳಿ ಹೊಟ್ಟೆ ಹಿಡಿದು ನಕ್ಕ.

ಮರುದಿನ ಮುಂಜಾನೆ ಹಿತ್ತಲಲ್ಲಿ ಉಳಿವೆಪ್ಪ ಎಲೆ ಹಿಡಿದು ನಿಂತಿದ್ದ. ರಾಘಣ್ಣನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು, "ಉಳಿವ್ಯಾ, ನೀನರ ಕೇಳೋ. ಅನುಮಾನ ಅಂದ್ರ..." ಎಂದು ಶುರುಮಾಡಿದ.

"ಅದೇನಾರ ಇರ್ಲಿ ಬಿಡ್ರಿ, ಆಚಾರ್ರ," ಎಂದ ಉಳಿವೆಪ್ಪ, ತನ್ನ ಕುತ್ತಿಗೆ ಸವರಿಕೊಳ್ಳುತ್ತ. "ಇದು ಪ್ರತ್ಯಕ್ಷ ಐತಲ್ರಿ, ಸಾಕು."