ಮೈಗೆ ಅಂಟಿದ ಪಟ್ಟಿ

ಸಡಿಲ ಬಿಟ್ಟು ಹೊಲಿಯುವುದೆಂದರೆ ದರ್ಜಿಯಕ್ಕನಿಗೆ ಆಗಿಬರುತ್ತಿರಲಿಲ್ಲ. ದೊಗಳೆ ಅಂಗಿ ತೊಟ್ಟವನು ಎದುರಾದರೆ ಸಾಕು, ಅದನ್ನು ಹೊಲಿದವನಿಗೆ ಮನಸ್ಸಿನಲ್ಲೇ ನಾಲ್ಕು ಬೈಯುತ್ತಿದ್ದಳು.

ಇಂಥವಳ ಅಂಗಡಿ ಹುಡುಕಿಕೊಂಡು ಹಕ್ಕಿ ಮೇಷ್ಟ್ರು ಬಂದರು. ಊರಾಚೆಯ ಕಡಲಂಚಿನ ಕೆಸರಿನಲ್ಲಿ ಚಳಿಗಾಲ ಕಳೆದು ಭೂಮಿಯ ಆ ತುದಿಗೆ ಹಾರುವ ಉದ್ದಕೊಕ್ಕಿನ ಹಕ್ಕಿಗಳ ದಾರಿ ಪತ್ತೆಹಚ್ಚುವುದು ಅವರ ಕೆಲಸ. ಹಕ್ಕಿ ಎಲ್ಲಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಯಂತ್ರವನ್ನು ಅದರ ಬೆನ್ನಿಗೆ ಕಟ್ಟಬೇಕು. ಅದಕ್ಕೆ ತೊಡೆ ಬಳಸಿ ಬರುವ ಪಟ್ಟಿ ಬೇಕಿತ್ತು. ಬೆರಳು ತೂರುವಷ್ಟು ಸಡಿಲವಿರಲಿ ಎಂದಿದ್ದರು.

ಮೊದಲ ವರ್ಷ ಹಾಗೇ ಹೊಲಿದಳು. ಎರಡು ಯಂತ್ರ ಕಳಚಿ ಕೆಸರಿಗೆ ಬಿದ್ದವು. ಮೇಷ್ಟ್ರು ಅವನ್ನು ಹೆಕ್ಕಿ ತಂದು ಒರೆಸಿಟ್ಟರು. ಗಂಡ ಮಾತ್ರ, ಹಕ್ಕಿಗೂ ಚಡ್ಡಿ ಜಾರಿಸಿದೆಯಲ್ಲೇ ಎಂದು ತಿಂಗಳುಗಟ್ಟಲೆ ಕಾಲೆಳೆದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ವರ್ಷ ಯಾರಿಗೂ ಹೇಳದೆ, ಹಿಡಿದ ಹಕ್ಕಿಗಳ ತೊಡೆಗೆ ದಾರ ಸುತ್ತಿ ಅಳತೆ ತೆಗೆದು, ಮೈಗೆ ಅಂಟಿದ ಹಾಗೆ ಹೊಲಿದು ಕೊಟ್ಟಳು. ಅವಳ ಕೈ ಮೇಲೆ ಅಷ್ಟು ನಂಬಿಕೆಯಿದ್ದ ಮೇಷ್ಟ್ರು ಗರಿ ಸರಿಸಿ ನೋಡಲೂ ಇಲ್ಲ.

ಹಕ್ಕಿಗಳು ಹೊರಡುವ ಕಾಲ ಬಂತು. ಕಂಪ್ಯೂಟರ್ ಪರದೆಯ ಮೇಲೆ ಅವುಗಳ ಚುಕ್ಕೆಗಳು ಒಂದೊಂದಾಗಿ ಕಡಲಿನತ್ತ ಸರಿದವು. ಒಂದು ಮಾತ್ರ ಕದಲಲಿಲ್ಲ. ಇಬ್ಬರೂ ಹುಡುಕಿಕೊಂಡು ಹೋದರು. ಹಕ್ಕಿ ಕೆಸರಿನಲ್ಲಿ ಸತ್ತು ಬಿದ್ದಿತ್ತು. ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು.

"ಹೊರಡೋ ಮುಂಚೆ ತಿಂದೂ ತಿಂದೂ ಮೈ ಎರಡರಷ್ಟಾಗುತ್ತೆ ಅಕ್ಕ. ಆ ಕೊಬ್ಬೇ ಅವಕ್ಕೆ ಬುತ್ತಿ. ಅದಕ್ಕೇ ಸಡಿಲ ಬಿಡಿ ಅಂದಿದ್ದು."

ಮೊದಲೇ ಬಿಡಿಸಿ ಹೇಳಬಾರದಿತ್ತೇ ಎಂದು ಅವರ ಮೇಲೆ ಸಿಟ್ಟು ಬಂತು. ಹೇಳಿದ್ದರೆ ತಾನು ಕೇಳುತ್ತಿದ್ದೆನೇ ಎಂದು ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಮಾಡಿದ್ದನ್ನೆಲ್ಲ ಅಲ್ಲೇ ಒಪ್ಪಿಕೊಂಡಳು. ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೆಸರಿನಲ್ಲೇ ಕುಳಿತರು.

ಸತ್ತದ್ದು ಗುಂಪಿನಲ್ಲೇ ಹೊಟ್ಟೆಬಾಕ. ಉಳಿದವು ಅಷ್ಟು ಕೊಬ್ಬುವ ಮೊದಲೇ ಹಾರಿದ್ದವು. ಹಾರುತ್ತ ಮೈ ಕರಗಿ ಪಟ್ಟಿ ಸಡಿಲವಾಗುತ್ತದೆ, ಸರಿ. ಆದರೆ ನಡುದಾರಿಯ ದಡದಲ್ಲಿಳಿದು ಅವು ಮತ್ತೆ ಮೇಯಬೇಕು, ಮತ್ತೆ ಕೊಬ್ಬಬೇಕು. ಇಲ್ಲದಿದ್ದರೆ ಮುಂದಿನ ಕಡಲು ದಾಟಲಾರವು. ಅಷ್ಟು ದೂರ ಹೋಗಿ ಹಿಡಿದು ಪಟ್ಟಿ ಬಿಚ್ಚುವವರು ಯಾರೂ ಇರಲಿಲ್ಲ.

ಕೆಲವು ದಿನಗಳ ಮೇಲೆ ಮೇಷ್ಟ್ರು ಕಚೇರಿಗೆ ಕರೆಸಿದರು.

"ಎಲ್ಲಾ ದಡ ಮುಟ್ಟಿದಾವೆ ಅಕ್ಕ. ಮೇಯ್ತಾ ಇವೆ," ಎಂದರು ಮೆಲ್ಲಗೆ.

ತಿನ್ನಿ ತಿನ್ನಿ ಎಂದು ಬಾಯಿಗೆ ತುರುಕಿ ಮೂರು ಮಕ್ಕಳನ್ನು ಬೆಳೆಸಿದ ಹೆಂಗಸು ಆ ಚುಕ್ಕೆಗಳಿಗೆ ಕೈಮುಗಿದು ನಿಂತಳು.

"ತಿನ್ನಬೇಡ್ರೋ," ಎಂದಳು, "ನಿಮ್ಮ ಕಾಲಿಗೆ ಬೀಳ್ತೀನಿ, ತಿನ್ನಬೇಡ್ರೋ."