ಎಲ್ಲರೆದುರು ಮಾತ್ರೆ ನುಂಗುತ್ತಿದ್ದ ಆಚಾರ್ರು

ಉಳಿ ಹಿಡಿದು ಗಂಟುಗಟ್ಟಿದ ಅಂಗೈ. ಅದರ ನಡುವೆ ಒಂದು ಬಿಳಿ ಮಾತ್ರೆ. ಅದನ್ನು ರೋಗಿಗಳೆದುರು ನುಂಗಿದ್ದಕ್ಕೆ ಹೊಸಹೊಳಲಿನ ಆಚಾರ್ರು ತೆತ್ತ ಬೆಲೆ, ಆಸ್ಪತ್ರೆಯ ಕೆಲಸ. ನಾನು ತೆಂಗಿನಕಾಯಿ ವ್ಯಾಪಾರಿ. ನನ್ನ ಲೆಕ್ಕದಲ್ಲಿ ಅವರಿಗೆ ನಷ್ಟವಾಗಲಿಲ್ಲ.

ಮರಗೆಲಸ ಅವರ ಕುಲಕಸುಬು. ಹರೆಯದಲ್ಲಿ ಮನಸ್ಸು ಕೆಟ್ಟು, ಔಷಧಿಯಿಂದ ಚೇತರಿಸಿಕೊಂಡು, ಆಮೇಲೂ ಮಾತ್ರೆ ಬಿಡದವರು. ಆ ಅನುಭವಕ್ಕೆಂದೇ ನಮ್ಮ ಕಡೆಯ ಒಂದು ಆಸ್ಪತ್ರೆಯವರು ಅವರನ್ನು ರೋಗಿಗಳ ಜೊತೆ ಮಾತಾಡಲು ಇಟ್ಟುಕೊಂಡಿದ್ದರು.

ಹೆಂಡತಿ ನನ್ನನ್ನು ಅಲ್ಲಿಗೆ ಎಳೆದೊಯ್ದಾಗ ನಾನು ಸಂತೆ ಬಿಟ್ಟು ಮೂಲೆ ಹಿಡಿದಿದ್ದೆ. ಮನೆಯ ಊಟದಲ್ಲಿ ವಿಷವಿದೆಯೆಂಬ ಭಯ. ಡಾಕ್ಟರ ಮಾತ್ರೆಯೂ ವಿಷವೇ ಎಂದು ಹಟ. ಆಚಾರ್ರು ಬೆಂಚಿನಲ್ಲಿ ಪಕ್ಕ ಕೂತರು. ಏನೂ ಕೇಳಲಿಲ್ಲ.

“ನಂಗೂ ಇಂಗೇ ಆಗಿತ್ತು ಕಣ್ಲಾ. ನಮ್ಮವ್ವ ಇಕ್ಕಿದ್ ಮುದ್ದೇನ ನಾಯಿಗೆ ಆಕ್ಬುಟ್ಟು, ಸಾಯ್ತದಾ ಅಂತ ನೋಡ್ಕಂಡ್ ಕೂತಿದ್ದೆ.”

“ಸತ್ತೋಯ್ತಾ?”

“ಎಲ್ ಸಾಯ್ತದೆ! ಅದು ಊದ್ಕತು, ನಾನು ಸೊರಗ್ದೆ.”

ಎಷ್ಟೋ ದಿನಗಳ ಮೇಲೆ ನಕ್ಕೆ. ಅವರು ತಮ್ಮ ಮಾತ್ರೆ ನುಂಗಿದರು. ಹಿಂದೆಯೇ ನಾನು ನನ್ನದನ್ನು.

ನಾನು ವ್ಯಾಪಾರಕ್ಕೆ ಮರಳಿದ ಮೇಲೆ ಆಸ್ಪತ್ರೆಗೆ ಹೊಸ ಮೇಲ್ವಿಚಾರಕಿ ಬಂದು ಆಚಾರ್ರಿಗೆ ಹೇಳಿದರು: “ಬಿಳಿ ಕೋಟು ಹಾಕಿ, ಮೇಜಿನ ಆಚೆ ಕೂರಿ. ನಿಮ್ಮ ಕಾಯಿಲೆ ವಿಷಯ ಎತ್ತಬೇಡಿ. ಮಾತ್ರೆ ಒಳಗೆ ಹೋಗಿ ತಗೊಳ್ಳಿ. ಇಲ್ದಿದ್ರೆ ಯಾರು ಮರ್ಯಾದೆ ಕೊಡ್ತಾರೆ?”

“ಮರ್ವಾದೆ ಬ್ಯಾಡ ಕಣಮ್ಮ, ನಂಬ್ಕೆ ಸಾಕು. ಡಾಕ್ಟ್ರು ಆಗ್ಲೇ ಅವ್ರಲ್ಲಾ, ಇನ್ನೊಬ್ಬ ಡಾಕ್ಟ್ರ ವೇಸ ಯಾಕೆ? ನಾನು ವಾಸಿಯಾದ ಹುಚ್ಚ. ಅದ್ನ ತೋರ್ಸೋದೇ ನನ್ ಕೆಲ್ಸ.”

ಸುದ್ದಿ ತಿಳಿದು ನಾನು ಸಂಧಾನಕ್ಕೆ ಹೋದೆ. “ಆಚಾರ್ರೇ, ಕೋಟೊಂದು ಆಕ್ಕಳಿ ಸಾಕು, ಮಿಕ್ಕಿದ್ದ ನಾನು ಒಪ್ಪುಸ್ತೀನಿ.”

“ಲೇ, ಇದು ಕಾಯಿ ಯಾಪಾರ ಅಲ್ಲ ಕಣ್ಲಾ! ಕೋಟು ಆಕ್ಕಂಡಿದ್ರೆ ನೀನು ಅವತ್ತು ನನ್ ಮಾತು ಕೇಳ್ತಿದ್ಯಾ?”

ಕೇಳುತ್ತಿರಲಿಲ್ಲ.

ಕೊಟ್ಟ ಕೋಟನ್ನು ಕುರ್ಚಿಗೆ ಹಾಕಿ, ಕೆಲಸ ಬಿಟ್ಟು ಹೊರಬಂದ ಆಚಾರ್ರು, ಮರುದಿನದಿಂದ ಗೇಟಿನೆದುರಿನ ಟೀ ಅಂಗಡಿಯಲ್ಲಿ ಕೂತರು. ಒಳಗೆ ತುಟಿ ಬಿಚ್ಚದವರು ಅಲ್ಲಿ ಬಿಚ್ಚಿದರು. ಕೊನೆಗೆ ಡಾಕ್ಟರೇ, “ಎದುರಿಗೆ ಆಚಾರ್ರಿದ್ದಾರೆ, ಮಾತಾಡಿಕೊಂಡು ಬನ್ನಿ” ಎಂದು ಕಳಿಸತೊಡಗಿದರು. ಹೋದ ಚಳಿಗಾಲ ಎದೆನೋವಿನಿಂದ ತೀರಿಕೊಳ್ಳುವವರೆಗೂ ಆಚಾರ್ರು ಆ ಜಾಗ ಬಿಡಲಿಲ್ಲ. ಈಗ ಸಂತೆಯಿಲ್ಲದ ದಿನ ಅಲ್ಲಿ ನಾನು ಕೂರುತ್ತೇನೆ.

ನಿಮ್ಮ ಮನೆಯವರಿಗೆ ಇಂಥ ಕಾಯಿಲೆ ಬಂದರೆ ಡಾಕ್ಟರ ಮಾತು ಕೇಳಿ, ಮಾತ್ರೆ ತಪ್ಪಿಸಬೇಡಿ. ಜೊತೆಗೆ, ಇದನ್ನು ಅನುಭವಿಸಿ ಎದ್ದವರು ಇಲ್ಲಿ ಯಾರಿದ್ದಾರೆ ಎಂದು ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಕೇಳಿ. “ಓದಿಕೊಂಡವರಿದ್ದಾರೆ” ಎಂದರೆ, ಸಂತೋಷ ಅನ್ನಿ. ಮತ್ತೆ ಅದನ್ನೇ ಕೇಳಿ. ಅಂಥವರನ್ನು ಕರೆಸುವವರೆಗೆ ಅಲ್ಲಿಂದ ಕದಲಬೇಡಿ.