ಅಕ್ಕಸಾಲಿಗರ ಕೇರಿಗೆ ರಾಗಿ ಇಲ್ಲ

ನಾಗಮಂಗಲದ ಅಕ್ಕಸಾಲಿಗರ ಕೇರಿಯಲ್ಲಿ ಹೊತ್ತು ಮೂಡುವ ಮುಂಚೆ ಅಗ್ಗಿಷ್ಟಿಕೆ ಹೊತ್ತಿಸದ ಮನೆ ಇರಲಿಲ್ಲ. ಬೆಂಕಿ ಆರಿದ ಬಾಗಿಲಿಗೆ ಗಿರಾಕಿ ಬರುವುದಿಲ್ಲವೆಂಬ ನಂಬಿಕೆ. ಕಾಳಪ್ಪನೂ ಹೊತ್ತಿಸುತ್ತಿದ್ದ. ಅವನಪ್ಪ ಮಾಡಿದ ಮೂಗುಬಟ್ಟು ಶ್ರೀರಂಗಪಟ್ಟಣದ ದೊಡ್ಡ ಮನೆಗಳಿಗೂ ಹೋಗಿತ್ತಂತೆ. ಈಗ ದಂಡುಗಳು ಮೇಲುಕೋಟೆ ದಾರಿಯಲ್ಲಿ ಹೋಗುತ್ತ ಬರುತ್ತ ಸೀಮೆಯನ್ನೇ ಬೋಳಿಸಿಹಾಕಿದ್ದವು. ಒಡವೆ ಮಾಡಿಸುವವರು ಯಾರು? ಆದರೂ ಕಾಳಪ್ಪ ಬರಿಯ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ನಾಲ್ಕೇಟು ಟಣಟಣ ಬಡಿದು, ನೆರೆಯವರಿಗೆ ಕೇಳಿಸಿತೆಂದು ಖಾತ್ರಿಯಾದ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂರುತ್ತಿದ್ದ. ನೆರೆಯವರೂ ಹಾಗೇ ಬಡಿಯುತ್ತಿದ್ದರು. ಮಾನವಂತರು, ಪಾಪ. ಇಂಥ ಮಾನಕ್ಕಿಷ್ಟು ಬೆಂಕಿ ಹಾಕಬೇಕು.

ಒಳಗೆ ಹೆಂಡತಿ ಅಣ್ಣಮ್ಮ ಹಸಿ ಬಾಣಂತಿ. ಎದೆಯಲ್ಲಿ ಹಾಲಿಲ್ಲ. ಮಗು ಅತ್ತು ಅತ್ತು, ಈಗ ಅಳುವುದನ್ನೂ ಬಿಟ್ಟಿತ್ತು. ಅವಳಿಗೆ ದಿನಾ ಒಂದಿಷ್ಟು ಅಂಬಲಿ ಸಿಕ್ಕಿದರೆ ಹಾಲಿಳಿದೀತು, ಮಗು ಉಳಿದೀತು. ಕಾಳಪ್ಪನಿಗೆ ಬೇರೆ ಆಸೆಯೇ ಇರಲಿಲ್ಲ.

ಸರ್ಕಾರದ ಕಣಜದಲ್ಲಿ ಉಳಿದ ರಾಗಿಯನ್ನು ಬಡವರಿಗೆ ಹಂಚಬೇಕೆಂದು ಅಪ್ಪಣೆಯಾಯಿತು. ಹಂಚುವ ಪಾರುಪತ್ಯಗಾರ ಮರಿಸ್ವಾಮಿ ಬೆಳಗಾಗೆದ್ದು ಕುದುರೆ ಏರಿ ಬಂದ. ಮನೆಮನೆ ವಿಚಾರಿಸಲು ಅವನಿಗೇನು ಹುಚ್ಚೇ? ಕೇರಿಯ ಬಾಯಲ್ಲೇ ನಿಂತು ನೋಡಿದ. ಮೊದಲನೆಯದು ಪುಟ್ಟಾಚಾರಿಯ ಹೆಂಚಿನ ತೊಟ್ಟಿಮನೆ, ಹಿತ್ತಲಲ್ಲಿ ಕರೆಯುವ ಹಸು. ಅದರಾಚೆ ಎಲ್ಲ ಸೂರಿನಿಂದಲೂ ಹೊಗೆ, ಒಳಗಿಂದ ಟಣಟಣ.

“ಈ ಕೇರಿಗೇನು ಕಮ್ಮಿ? ಬೆಳಗಾನೆ ಕೆಲ್ಸ ನಡೀತಾ ಅದೆ,” ಎಂದು ಕುದುರೆ ತಿರುಗಿಸಿದ.

ಕಾಳಪ್ಪ ಸುತ್ತಿಗೆ ಹಿಡಿದೇ ಓಡಿಬಂದ. “ಬುದ್ಧಿ, ಬರೀ ಅಡಿಗಲ್ಲ ಬಡೀತಾ ಇವ್ನಿ. ಮನೇಲಿ ಬಾಣಂತಿ ಅವ್ಳೆ. ಒಂದು ಬೊಗಸೆ ಕೊಟ್ಬುಡಿ.”

“ಚಿನ್ನ ಮುಟ್ಟೋನು ರಾಗಿ ಬೇಡ್ತಾನೇನ್ಲಾ? ಕೇರಿ ನೋಡಿ ಕೊಡೋದು ಕಣ್ಲಾ, ಮನೆ ನೋಡಿ ಅಲ್ಲ.”

ರಾಗಿ ಗುಡಿಸಲು ಕೇರಿಗೆ ಹೋಯಿತು. ಅಲ್ಲಿನವರು ಹಸಿದಿದ್ದರು, ಸುಳ್ಳಲ್ಲ. ಆದರೆ ಅದೇ ಕೇರಿಯ ಚಿಕ್ಕಸ್ವಾಮಿ, ನೆಲದೊಳಗಿನ ಹಗೇವಿನ ತುಂಬ ರಾಗಿ ಮುಚ್ಚಿಟ್ಟಿದ್ದ ಭೂಪ, ಹರಕು ಪಂಚೆ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತು ಕೊಳಗ ತುಂಬಿಸಿಕೊಂಡ.

ಕಾಳಪ್ಪ ಪುಟ್ಟಾಚಾರಿಯ ಬಾಗಿಲಿಗೂ ಹೋದ. “ಅಣ್ಣಾ, ಮಗೀಗೆ ಒಂದು ಒಳಲೆ ಹಾಲು.”

“ನಿಂಗೆ ಕೊಟ್ರೆ ನಾಳೆ ಇಡೀ ಕೇರಿ ಬಂದು ನಿಲ್ತದೆ ಕಣಪ್ಪ,” ಎಂದು ಪುಟ್ಟಾಚಾರಿ ಕದ ಹಾಕಿಕೊಂಡ.

ಮಗು ಆ ವಾರ ದಾಟಲಿಲ್ಲ. ಅದರ ಹಿಂದೆಯೇ ಅಣ್ಣಮ್ಮ ಹೋದಳು. ಕೇರಿಯಲ್ಲಿ ಇನ್ನೂ ಕೆಲವರು ಹೋದರು.

ಮತ್ತೆ ಹಂಚುವ ದಿನ ಬಂದಾಗ ಉಳಿದವರೆಲ್ಲ ಮಾನ ಬಿಟ್ಟು ದಾರಿಗೇ ಬಂದು ಅಡ್ಡ ನಿಂತರು. ಮರಿಸ್ವಾಮಿ ಅವರ ಮೇಲೆ ಕಣ್ಣಾಡಿಸಿ ಕಾಳಪ್ಪನನ್ನು ಗುರುತು ಹಿಡಿದ.

“ನಿನ್ ಮನೇಲಿ ಈಗ ಉಣ್ಣೋ ಬಾಯಿ ಎಷ್ಟ್ಲಾ?”

“ನಾನೊಬ್ನೇ, ಬುದ್ಧಿ.”

ಮರಿಸ್ವಾಮಿಗೆ ನಿಜವಾಗಿಯೂ ಸಂತೋಷವಾಯಿತು. “ನೋಡ್ದಾ? ಹೋದ ಸಲಕ್ಕಿಂತ ಅನುಕೂಲವಾಗಿದ್ದೀಯ!” ಎಂದು ರಾಗಿಯ ಗಾಡಿಯನ್ನು ಮುಂದಿನ ಕೇರಿಗೆ ಹೊಡೆಸಿದ.